ಹೆಪ್ಪಿಗೆ ಉಳಿಸಿದ ಬಲ

ಜ್ವರ ಬಿಟ್ಟು ಹೋಗುತ್ತದೆ. ಅದು ತಿಂದು ಹೋದ ಬಲ ಮಾತ್ರ ಅಷ್ಟು ಬೇಗ ತಿರುಗಿ ಬರುವುದಿಲ್ಲ. "ಡೆಂಗಿ ಬಂದು ಹೋದ ಮೇಲೆ ಕಾಲಿನಲ್ಲಿ ಜೀವವೇ ಇಲ್ಲ" ಎನ್ನುವ ಮಾವ, "ನೆಲದಲ್ಲಿ ಕೂತರೆ ಏಳಲಿಕ್ಕೆ ಗೋಡೆ ಬೇಕು" ಎನ್ನುವ ಅತ್ತೆ ಎಲ್ಲ ಬೀದಿಯಲ್ಲೂ ಇರುತ್ತಾರೆ. ಚೆನ್ನೈಯ ಗಿಂಡಿ ಬಡಾವಣೆಯಲ್ಲಿ ಐತಣ್ಣ ಇದ್ದರು.

ಐತಣ್ಣನಿಗೆ ಐವತ್ತಾರು ವರ್ಷ. ಕಾರ್ಕಳದ ಕಡೆಯವರು. ಹದಿನಾರನೆಯ ವಯಸ್ಸಿಗೆ ಇಲ್ಲಿಗೆ ಬಂದವರು ಅಂದಿನಿಂದ ಒಂದೇ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿದ್ದಾರೆ. ಅವರು ಕಾವಲಿಯ ಮುಂದೆ ನಿಂತರೆ ದೋಸೆ ಕೈವಾರ ಇಟ್ಟು ಎಳೆದ ಹಾಗೆ ದುಂಡಗೆ ಬರುತ್ತದೆ. ಮೆಟ್ರೋ ಇಳಿದು ಆಫೀಸಿಗೆ ಓಡುವವರೂ "ಇವತ್ತು ಐತಣ್ಣ ಇದ್ದಾರಾ?" ಎಂದು ಕೇಳಿಯೇ ಒಳಗೆ ಬರುತ್ತಾರೆ.

ಆ ದಿನ ಬೆಳಗ್ಗೆ ಅವರು ಸಾಂಬಾರಿನ ಹಂಡೆಯನ್ನು ಒಲೆಯಿಂದ ಇಳಿಸಲು ಹೋದರು. ಜ್ವರದಿಂದ ಎದ್ದು ಮೂರು ವಾರ ಆಗಿತ್ತು. ಹಂಡೆ ಅರ್ಧ ಮೇಲೆದ್ದಿತು. ಅಷ್ಟರಲ್ಲಿ ತೊಡೆ ಗಡಗಡ ನಡುಗಿತು. ಜೊತೆಗೆ ಅಡುಗೆ ಮಾಡುವ ಶೀನ ಓಡಿ ಬಂದು ಇನ್ನೊಂದು ಬದಿಯ ಹಿಡಿ ಹಿಡಿದ.

"ಬಿಡಿ ಬಿಡಿ ಐತಣ್ಣ! ಅದೆಂತ ನಿಮ್ಮ ಕಾಲಾ, ಬೆಂದ ನುಗ್ಗೆಕಾಯಾ?"

ಎಲ್ಲರೂ ನಕ್ಕರು. ಐತಣ್ಣನೂ ನಕ್ಕರು. ಆದರೆ ಬಾಗಿಲಲ್ಲಿ ನಿಂತಿದ್ದ ಧಣಿ ಮಧುಸೂದನ್ ನಗಲಿಲ್ಲ.

"ಐತ, ಪೋರೂರಿನ ನಮ್ಮ ಹೊಸ ಅಂಗಡಿ ಇನ್ನು ಹದಿನಾಲ್ಕು ವಾರದಲ್ಲಿ ತೆರೆಯುತ್ತದೆ. ಈ ಸಲ ಕಲ್ಲಿನ ಗುಂಡು ಶೀನ ಹೊರಲಿ, ಅಲ್ವಾ?"

ಐತಣ್ಣನ ಎದೆಗೆ ಆ ಗುಂಡೇ ಬಿದ್ದ ಹಾಗಾಯಿತು.

ಆ ಹೋಟೆಲಿಗೆ ಒಂದು ಕಟ್ಟುಪಾಡು ಉಂಟು. ಈಗ ಹಿಟ್ಟು ರುಬ್ಬುವುದು ಯಂತ್ರ. ಆದರೆ ಧಣಿಯ ತಂದೆ ಊರಿನಿಂದ ತಂದಿದ್ದ ಕಡೆಯುವ ಕಲ್ಲಿನ ಗುಂಡು ಇನ್ನೂ ದೇವರ ಪಟದ ಕೆಳಗೆ ಕುಳಿತಿದೆ. ಇಪ್ಪತ್ತನಾಲ್ಕು ಕಿಲೋ ತೂಕ. ಹೊಸ ಅಂಗಡಿ ತೆರೆಯುವ ದಿನ ಅದನ್ನು ಒಬ್ಬನೇ ಹೊತ್ತು ಹೊಸ ಅಡುಗೆಮನೆಗೆ ತರಬೇಕು. ಹೊತ್ತವನೇ ಕೈ ತೊಳೆದು ಮೊದಲ ದೋಸೆ ಎರೆಯಬೇಕು. ಆ ದೋಸೆ ದೇವರಿಗೆ. ಅದು ಹರಿಯಬಾರದು, ಸೊಟ್ಟ ಆಗಬಾರದು. ಹಾಗೆ ಮಾಡಿದವನೇ ಆ ಅಡುಗೆಮನೆಯ ಮೇಸ್ತ್ರಿ, ಅಂದರೆ ಮುಖ್ಯ ಅಡುಗೆಯವ. ಹಿಂದೆ ಎರಡು ಸಲ ಹೀಗೆ ಆಗಿದೆ. ಎರಡೂ ಸಲ ಐತಣ್ಣ ಬಾಳೆಲೆ ಹಿಡಿದುಕೊಂಡು ಬದಿಯಲ್ಲಿ ನಿಂತಿದ್ದರು. ಈಗ ಸರದಿ ಅವರದ್ದು. ಪೋರೂರಿನ ಅಡುಗೆಮನೆ ಇದ್ದದ್ದು ಮಹಡಿಯ ಮೇಲೆ. ಹತ್ತೊಂಬತ್ತು ಮೆಟ್ಟಿಲು.

"ಹದಿನಾಲ್ಕು ವಾರ ಉಂಟಲ್ಲ ಧಣಿ," ಎಂದರು ಐತಣ್ಣ. "ನಾನೇ ಹೊರ್ತೇನೆ."

ಮನೆಗೆ ಬಂದು ಹೇಳಿದಾಗ ಮಗ ಸುಕೇಶನಿಗೆ ಹುರುಪು ಹತ್ತಿತು. ಸುಕೇಶ ಗಿಂಡಿಯ ಕೈಗಾರಿಕಾ ಎಸ್ಟೇಟಿನ ಒಂದು ಕಂಪನಿಯಲ್ಲಿ ಕೆಲಸ ಮಾಡುವ ಹುಡುಗ. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲಿ. ಸಂಜೆ ಜಿಮ್ಮಿಗೆ ಹೋಗುತ್ತಾನೆ.

"ಸೂಪರ್ ಪಾ! ನಾನು ರೆಡಿ ಮಾಡ್ತೇನೆ ನಿಮ್ಮನ್ನು. ಒಂದೇ ರೂಲ್. ಇನ್ನು ಒಂದು ಸಲವೂ ಆಗುದಿಲ್ಲ ಅನ್ನುವವರೆಗೆ ಮಾಡ್ಬೇಕು. ಅಲ್ಲಿಂದ ಮೇಲೆ ಮಾಡಿದ್ದೇ ಲೆಕ್ಕ."

ಐತಣ್ಣನಿಗೆ ಈ ಮಾತು ಹೊಸದಲ್ಲ. ಹುಡುಗನಾಗಿದ್ದಾಗ ಕಲ್ಲಿನಲ್ಲಿ ಹಿಟ್ಟು ಕಡೆಯಲು ಕೂರಿಸಿದ್ದ ಹಳೆಯ ಮೇಸ್ತ್ರಿ ಹೇಳುತ್ತಿದ್ದದ್ದೂ ಅದೇ: "ಕೈ ಸೋತ ಮೇಲೆ ಇನ್ನೂ ಹತ್ತು ಸುತ್ತು ತಿರುಗಿಸು." ನಲವತ್ತು ವರ್ಷ ಹಾಗೇ ದುಡಿದ ಮೈ. ಬಲ ಬರುವ ದಾರಿಯೂ ಅದೇ ಇರಬೇಕೆಂದು ಅವರು ನಂಬಿದರು.

ತಾರಸಿಯ ಮೇಲೆ ಕುರ್ಚಿ ಇಟ್ಟರು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಐತಣ್ಣ ಹತ್ತು ಸಲ ಎದ್ದರು. ಹನ್ನೆರಡು ಸಲ ಎದ್ದರು. ಬೆನ್ನು ಬಾಗಿತು, ಉಸಿರು ಕಟ್ಟಿತು.

"ಮುಡಿಯುಂ ಪಾ, ಮುಡಿಯುಂ!" ಆಗುತ್ತದೆ, ಆಗುತ್ತದೆ ಎಂದು ಸುಕೇಶ ತಮಿಳಿನಲ್ಲಿ ಚಪ್ಪಾಳೆ ತಟ್ಟಿದ. "ಇನ್ನೊಂದು! ಇನ್ನು ಒಂದೇ ಒಂದು!"

ಹದಿನಾಲ್ಕನೆಯದಕ್ಕೆ ಐತಣ್ಣ ಅರ್ಧ ಎದ್ದು ದೊಪ್ಪನೆ ಕುರ್ಚಿಯ ಮೇಲೆ ಬಿದ್ದರು.

"ವೆರಿ ಗುಡ್! ಹೀಗೇ ಇನ್ನೂ ಮೂರು ಸುತ್ತು."

ಒಣಹಾಕಿದ್ದ ಬಟ್ಟೆ ತೆಗೆಯಲು ಬಂದ ಗುಣವತಿಯಕ್ಕ ಗಂಡನ ಮುಖ ನೋಡಿದರು. "ಎಂತ ಮಾರಾಯ್ರೆ ಇದು? ಜ್ವರ ಸಾಯಿಸದೆ ಬಿಟ್ಟದ್ದನ್ನು ಮಗ ಮುಗಿಸ್ತಾನಾ?"

"ನಿನಗೆ ಗೊತ್ತಾಗುದಿಲ್ಲ, ಸುಮ್ಮನಿರು," ಎಂದರು ಐತಣ್ಣ. ಆ ಮಾತಾಡಲಿಕ್ಕೂ ಉಸಿರು ಸಾಲಲಿಲ್ಲ.

ಮೂರು ದಿನ ಬಿಡದೆ ಹೀಗೇ ನಡೆಯಿತು. ಕುರ್ಚಿ ಆದ ಮೇಲೆ ನೀರು ತುಂಬಿದ ಕೊಡ ಎತ್ತುವುದು, ಅದೂ ಕೈ ಸೋಲುವವರೆಗೆ. ನಾಲ್ಕನೆಯ ದಿನ ತೊಡೆ ನೋವಿಗೆ ಮೊಣಕಾಲು ಮಡಚಲಾಗದೆ ಐತಣ್ಣ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರು. ಹೋಟೆಲಿನಲ್ಲಿ ಸೌಟು ಹಿಡಿದರೆ ಕೈ ನಡುಗುತ್ತಿತ್ತು. ಎರೆದ ದೋಸೆಯ ನಡುವೆ ತೂತು, ಅಂಚಿಗೆ ಬಾಲ.

ಆ ದೋಸೆ ಹೋದದ್ದು ಪ್ರಣಮ್ಯಾಳ ಮೇಜಿಗೆ. ಪ್ರಣಮ್ಯಾ ಪೋರೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಬಿದ್ದವರನ್ನು, ಆಪರೇಷನ್ ಆದವರನ್ನು ಮತ್ತೆ ನಡೆಸುವ ಕೆಲಸ. ಅವಳೂ ಊರಿನ ಕಡೆಯ ಹುಡುಗಿ. ತಟ್ಟೆ ಹಿಡಿದುಕೊಂಡೇ ಅಡುಗೆಮನೆಯ ಕಿಟಕಿಗೆ ಬಂದಳು.

"ಐತಣ್ಣ, ಇದು ನಿಮ್ಮ ದೋಸೆ ಅಲ್ಲ. ಯಾರು ಎರೆದದ್ದು?"

"ನಾನೇ," ಎಂದರು ಐತಣ್ಣ. ತಲೆ ಎತ್ತಲಿಲ್ಲ.

"ಇಂಡಿಯಾ ಮ್ಯಾಪ್ ಮಾಡಿದ್ದಾರೆ," ಎಂದ ಶೀನ. "ಶ್ರೀಲಂಕಾ ಬೇರೆ ಕೊಡ್ತಾರಂತೆ, ಕಾಯಿರಿ."

ಪ್ರಣಮ್ಯಾ ನಗದೆ ವಿಷಯ ಕೇಳಿಕೊಂಡಳು. ಮೊದಲು ಹೇಳಿದ್ದು ಒಂದೇ ಮಾತು. "ಜ್ವರದಿಂದ ಎದ್ದವರು. ನಾಳೆಯೇ ಡಾಕ್ಟರಿಗೆ ತೋರಿಸಿ. ಬಿಪಿ, ಹೃದಯ ಎಲ್ಲ ನೋಡಿ ಅವರು ಆಗಬಹುದು ಅಂದ ಮೇಲೆ ನಾನು ಆದಿತ್ಯವಾರ ಮನೆಗೆ ಬರ್ತೇನೆ. ಅಲ್ಲಿವರೆಗೆ ಕುರ್ಚಿ ಮುಟ್ಟಬೇಡಿ."

ಡಾಕ್ಟರು ಆಗಬಹುದು ಅಂದರು. ಆದಿತ್ಯವಾರ ಪ್ರಣಮ್ಯಾ ಬಂದಳು. ಗುಣವತಿಯಕ್ಕ ಊಟ ಹಾಕದೆ ಬಿಡುತ್ತಾರೆಯೇ? ಎಲೆ ಹಾಕಿ ಕೂರಿಸಿದರು. ಊಟದ ನಡುವೆಯೇ ವಾದ ಶುರುವಾಯಿತು.

"ಐತಣ್ಣ, ಹದಿನಾಲ್ಕು ಸಲಕ್ಕೆ ಬೀಳ್ತೀರಿ ಅಂದ್ರೆ ಹನ್ನೊಂದಕ್ಕೆ ನಿಲ್ಲಿಸಿ. ಇನ್ನೂ ಎರಡು ಮೂರು ಸಲ ಆಗ್ತಿತ್ತು ಅನ್ನುವಾಗಲೇ ಎದ್ದು ಬನ್ನಿ."

"ಅದು ಕಳ್ಳಾಟ ಆಯ್ತಲ್ಲ ಮಾರಾಯ್ತಿ!" ಎಂದರು ಐತಣ್ಣ. "ಆಗುವ ಕೆಲಸ ಬಿಟ್ಟು ಎದ್ದರೆ ಬಲ ಎಲ್ಲಿಂದ ಬರ್ತದೆ?"

"ಎತ್ತುವುದು ಮೈಗೆ ಸುದ್ದಿ ಮುಟ್ಟಿಸಿದ ಹಾಗೆ. ‘ನಾಳೆ ಇನ್ನೂ ಬಲ ಬೇಕು, ತಯಾರಾಗು’ ಅಂತ. ಬಲ ಕಟ್ಟುವ ಕೆಲಸ ನಡೆಯುವುದು ಆಮೇಲೆ, ನೀವು ಉಂಡು ಮಲಗಿದಾಗ. ಎರಡು ಸಲ ಬಾಕಿ ಇರುವಾಗ ನಿಲ್ಲಿಸಿದರೂ ಸುದ್ದಿ ಮುಟ್ಟುತ್ತದೆ. ಬೀಳುವವರೆಗೆ ಹೋದರೆ ಬಲ ಏನೂ ದುಪ್ಪಟ್ಟು ಬರುವುದಿಲ್ಲ. ದಣಿವು ಮಾತ್ರ ತುಂಬಾ ಹೆಚ್ಚು. ಮರುದಿನ ಮಾಡಲಿಕ್ಕೇ ಆಗುವುದಿಲ್ಲ. ಸೋತ ಕಾಲು ಜಾರಿದರೆ ಪೆಟ್ಟು ಬೇರೆ."

"ಜಿಮ್ಮಲ್ಲಿ ಎಲ್ಲಾರೂ ಹಾಗೇ ಮಾಡ್ತಾರೆ ಅಕ್ಕಾ," ಎಂದ ಸುಕೇಶ.

"ನೀನು ಹುಡುಗ. ಆಗೊಮ್ಮೆ ಈಗೊಮ್ಮೆ, ಪಕ್ಕದಲ್ಲಿ ಹಿಡಿಯುವವರು ಇದ್ದಾಗ ಕೊನೆಯವರೆಗೆ ಹೋದರೆ ಆಕಾಶ ಬೀಳುವುದಿಲ್ಲ. ಆದರೆ ಬಲ ಬರಬೇಕಾದರೆ ಅದು ಬೇಕೇ ಬೇಕು ಅಂತಿಲ್ಲ. ಜ್ವರ ತಿಂದ ಮೈಗಂತೂ ಬೇಡವೇ ಬೇಡ."

ಐತಣ್ಣ ಒಪ್ಪಲಿಲ್ಲ. ಅನ್ನ ಕಲಸುತ್ತಾ "ಹ್ಞೂಂ, ಹ್ಞೂಂ" ಅನ್ನುತ್ತಿದ್ದರು. ಆ ಹ್ಞೂಂ ಎಂದರೆ ಇಲ್ಲ ಎಂದೇ ಅರ್ಥ, ಗುಣವತಿಯಕ್ಕನಿಗೆ ಗೊತ್ತಿತ್ತು.

ಆಗ ಐತಣ್ಣ ಮೊಸರಿನ ಪಾತ್ರೆ ತಮ್ಮ ಕಡೆಗೆ ಎಳೆದುಕೊಂಡರು. "ಎಷ್ಟು ಗಟ್ಟಿ ಆಗಿದೆ! ಉಳಿದದ್ದೆಲ್ಲ ಹಾಕು, ಪಾತ್ರೆ ಖಾಲಿ ಮಾಡಿ ಬಿಡುವಾ."

ಗುಣವತಿಯಕ್ಕ ಥಟ್ಟನೆ ಪಾತ್ರೆ ಕಿತ್ತುಕೊಂಡರು. "ಪೂರಾ ತಿಂದರೆ ನಾಳೆಗೆ ಹೆಪ್ಪು ಎಲ್ಲಿಂದ? ಇಷ್ಟು ವರ್ಷ ಅಡುಗೆ ಮಾಡಿದವರಿಗೆ ನಾನು ಹೇಳ್ಬೇಕಾ?"

ಹೇಳಿದವರು ಅಲ್ಲೇ ನಿಂತುಬಿಟ್ಟರು. ಪಾತ್ರೆಯ ತಳದಲ್ಲಿದ್ದ ಎರಡು ಚಮಚ ಮೊಸರನ್ನು ನೋಡಿದರು, ಗಂಡನ ಕಾಲನ್ನು ನೋಡಿದರು.

"ಅಯ್ಯೋ," ಎಂದರು ನಿಧಾನವಾಗಿ. "ಈ ಹುಡುಗಿ ಇಷ್ಟು ಹೊತ್ತು ಹೇಳಿದ್ದು ಇದನ್ನೇ ಅಲ್ವಾ? ಬಲವನ್ನು ತಳ ಕೆರೆದು ಖಾಲಿ ಮಾಡ್ತೀರಿ ನೀವು. ನಾಳೆಗೆ ಹೆಪ್ಪು ಇಲ್ಲ. ಮತ್ತೆ ಬಲ ಎಂತದ್ದರಲ್ಲಿ ಹೆಪ್ಪುಗಟ್ಟುದು?"

ಪ್ರಣಮ್ಯಾ ತುತ್ತು ಹಿಡಿದುಕೊಂಡೇ ನಕ್ಕಳು. "ಗುಣವತಿಯಕ್ಕ, ಐದು ವರ್ಷ ಕಾಲೇಜಿಗೆ ಹೋಗಿ ನಾನು ಇಷ್ಟು ಚೆನ್ನಾಗಿ ಹೇಳಲಿಕ್ಕೆ ಕಲಿಯಲಿಲ್ಲ ನೋಡಿ."

ಐತಣ್ಣ ಕೊನೆಗೆ ಬಾಯಿ ತೆರೆದರು. ಈ ಸಲ ಕೇಳಿದ್ದು ನಿಜವಾದ ಪ್ರಶ್ನೆ. "ಎರಡು ಬಾಕಿ ಉಂಟು ಅಂತ ನನಗೆ ಗೊತ್ತಾಗುದು ಹೇಗೆ? ಮೊಸರಾದರೆ ಕಣ್ಣಿಗೆ ಕಾಣ್ತದೆ."

"ಏಳುವ ವೇಗ ತಾನಾಗಿ ಕಡಿಮೆ ಆಗ್ತದೆ, ಒಳಗೆ ಬಿಸಿ ಹತ್ತುತ್ತದೆ. ಆದರೆ ಬೆನ್ನು ಇನ್ನೂ ನೆಟ್ಟಗೆ ಇರ್ತದೆ. ಅದೇ ಜಾಗ. ಬೆನ್ನು ಬಾಗಿದರೆ, ಮೈ ವಾಲಿದರೆ, ಉಸಿರು ಕಟ್ಟಿ ತಳ್ಳಬೇಕಾದರೆ, ದಾಟಿ ಹೋಯಿತು ಅಂತ."

ಐತಣ್ಣ ಗಾಳಿಯಲ್ಲೇ ಸೌಟು ತಿರುಗಿಸಿದ ಹಾಗೆ ಕೈ ಆಡಿಸಿದರು. "ನನಗೆ ಇನ್ನೊಂದು ಅಳತೆ ಉಂಟು. ಕುರ್ಚಿ, ಕೊಡ ಎಲ್ಲ ಮುಗಿದ ಕೂಡಲೇ ಒಂದು ದೋಸೆ ಎರೆಯುವಾ. ದುಂಡಗೆ ಬಂದರೆ ಹೆಪ್ಪು ಉಳಿದಿದೆ. ಹರಿದರೆ ಖಾಲಿ."

ಅಂದಿನಿಂದ ಹೊಸ ಲೆಕ್ಕ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಕುರ್ಚಿಯಿಂದ ಏಳುವುದು ಮೂರು ಸುತ್ತು. ಕೊಡ ಎತ್ತಿ ಇಳಿಸುವುದು ಮೂರು ಸುತ್ತು. ಮನೆಯ ಮೆಟ್ಟಿಲು ಹತ್ತುವುದು. ಸುತ್ತಿನ ನಡುವೆ ಎರಡು ಮೂರು ನಿಮಿಷ ಕೂತು ಉಸಿರಾಡುವುದು. ಊಟದಲ್ಲಿ ಕಡಲೆ, ಹೆಸರುಕಾಳು, ಮೊಸರು ಜಾಸ್ತಿ. ಕೊನೆಗೆ ಕಾವಲಿ ಇಟ್ಟು ಒಂದು ದೋಸೆ.

ಗುಣವತಿಯಕ್ಕನೂ ಸೇರಿಕೊಂಡರು. ಅವರಿಗೂ ನೆಲದಿಂದ ಏಳಲು ಗೋಡೆ ಬೇಕಾಗಿತ್ತು. ಆದರೆ ಅವರದ್ದು ಬೇರೆ ತರಹದ ತಪ್ಪು. ಐದು ಸಲ ಎದ್ದು ಕೂತು, ಪಕ್ಕದ ತಾರಸಿಯವರ ಹತ್ತಿರ ಮಾತಾಡುತ್ತಾ, "ನನ್ನದು ಆಯ್ತು" ಎನ್ನುತ್ತಿದ್ದರು.

ಎರಡನೆಯ ವಾರ ಬಂದ ಪ್ರಣಮ್ಯಾ ಇದನ್ನು ಕಂಡಳು. "ಅಕ್ಕ, ಇನ್ನು ಎಷ್ಟು ಸಲ ಆಗ್ತದೆ ನಿಮಗೆ?"

"ಇನ್ನೂ ಹದಿನೈದು ಆದರೂ ಆದೀತು."

"ಹಾಲನ್ನೇ ಕಾಯಿಸದೆ ಹೆಪ್ಪು ಹಾಕಿದರೆ ಮೊಸರಾಗ್ತದಾ?"

ಗುಣವತಿಯಕ್ಕ ನಾಲಿಗೆ ಕಚ್ಚಿಕೊಂಡರು. "ನನ್ನ ಕೋಲು ನನಗೇ!"

"ಎರಡು ಮೂರು ಬಾಕಿ ಇಡಿ ಅಂದೆ, ಹದಿನೈದು ಬಾಕಿ ಇಡಿ ಅನ್ನಲಿಲ್ಲ. ಸುಲಭ ಆದರೆ ಕೈಯಲ್ಲಿ ಒಂದು ಅಕ್ಕಿ ಚೀಲ ಹಿಡಿದುಕೊಳ್ಳಿ. ಎರಡು ಕಿಲೋ ಸಾಕು. ಆಮೇಲೆ ಮೂರು."

ವಾರಗಳು ಉರುಳಿದವು. ಐತಣ್ಣನ ಕೈಗೆ ಐದು ಕಿಲೋ ಚೀಲ ಬಂತು, ಎಂಟು ಬಂತು, ಹನ್ನೆರಡು ಬಂತು. ಮೊದಲ ವಾರ ಎರಡು ದೋಸೆ ಹರಿದಿದ್ದವು. ಆಮೇಲೆ ಅಪರೂಪ. ಹತ್ತನೆಯ ವಾರ ಮಾತ್ರ ಒಂದು ಎಡವಟ್ಟಾಯಿತು. ಹೋಟೆಲಿನಲ್ಲಿ ಶೀನ ಎಲ್ಲರ ಮುಂದೆ ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ ತೋರಿಸಿ, "ಐತಣ್ಣ, ದೋಸೆ ಎರೆದರೆ ಕಲ್ಲು ಏಳ್ತದಾ? ಇದನ್ನು ಹೊತ್ತು ಬೈಠಕ್ ಹೊಡೀರಿ ನೋಡುವಾ" ಎಂದ. ಐತಣ್ಣನಿಗೆ ರೋಷ ಬಂತು. ಮೂಟೆ ಹೆಗಲಿಗೇರಿಸಿ ಕಾಲು ಸೋಲುವವರೆಗೆ ಎದ್ದು ಕೂತರು. ಎಲ್ಲರೂ ಶಿಳ್ಳೆ ಹೊಡೆದರು. ಆಮೇಲೆ ಎರೆದ ಮೂರು ದೋಸೆಯೂ ಹರಿದವು. ಎರಡು ದಿನ ವ್ಯಾಯಾಮ ತಪ್ಪಿತು. ಯಾರೂ ಬೈಯಲಿಲ್ಲ. ಬೈಯುವ ಅಗತ್ಯ ಇರಲಿಲ್ಲ. ಶಿಳ್ಳೆ ಅಲ್ಲೇ ಮುಗಿದಿತ್ತು, ನೋವು ಮನೆವರೆಗೆ ಬಂದಿತ್ತು.

ಹದಿನಾಲ್ಕನೆಯ ವಾರ ಬಂತು. ಪೋರೂರಿನ ಹೊಸ ಅಂಗಡಿಯ ಮುಂದೆ ಬಾಳೆಕಂಬ, ಮಾವಿನ ತೋರಣ. ಹಳೆಯ ಅಂಗಡಿಗಳ ಕೆಲಸದವರು, ಗಿರಾಕಿಗಳು, ಎದುರಿನ ಆಟೋ ನಿಲ್ದಾಣದವರು ಎಲ್ಲ ಸೇರಿದ್ದರು. ವ್ಯಾನಿನಿಂದ ಗುಂಡು ಇಳಿಯಿತು. ಕುಂಕುಮ ಹಚ್ಚಿದರು.

ಮಧುಸೂದನ್ ಮತ್ತೊಮ್ಮೆ ಕೇಳಿದರು. "ಐತ, ಖಂಡಿತವಾ?"

"ಖಂಡಿತ ಧಣಿ."

ಐತಣ್ಣ ಮೊಣಕಾಲು ಮಡಚಿ ಕೂತರು. ಗುಂಡನ್ನು ಎದೆಗೆ ಅಪ್ಪಿಕೊಂಡರು. ಬೆನ್ನು ನೆಟ್ಟಗೆ ಇಟ್ಟು ಎದ್ದರು. ಒಂದು ಮೆಟ್ಟಿಲು. ಎರಡು. ಐದು. ಎಂಟು. ಕೆಳಗಿನವರು ಎಣಿಸುತ್ತಿದ್ದರು. ಹತ್ತು, ಹನ್ನೊಂದು. ಅಲ್ಲಿ ಮೆಟ್ಟಿಲು ತಿರುಗುತ್ತದೆ. ತಿರುವಿನಲ್ಲಿ ಸೊಂಟದೆತ್ತರದ ಸಿಮೆಂಟ್ ಕಟ್ಟೆ ಉಂಟು. ಐತಣ್ಣನ ತೊಡೆಯಲ್ಲಿ ಬಿಸಿ ಹತ್ತಿತು. ಕಾಲು ನಿಧಾನವಾಯಿತು. ಬೆನ್ನು ಇನ್ನೂ ನೆಟ್ಟಗಿತ್ತು. ಅವರಿಗೆ ಆ ಜಾಗದ ಗುರುತು ಸಿಕ್ಕಿತು.

ಗುಂಡನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟರು.

ಕೆಳಗೆ ಎಣಿಸುವುದು ನಿಂತಿತು. "ಸೋತರಾ?" ಎಂದು ಯಾರೋ ಕೇಳಿದರು. ಶೀನ ಅಂಗಿಯ ತೋಳು ಮಡಚಿ ಎರಡು ಮೆಟ್ಟಿಲು ಹತ್ತಿದ. ಸುಕೇಶನಿಗೆ ತಡೆಯಲಾಗಲಿಲ್ಲ. "ಅಪ್ಪಾ, ನಿಲ್ಲಿಸ್ಬೇಡಿ! ಮುಡಿಯುಂ ಪಾ!"

ಗುಣವತಿಯಕ್ಕ ಮಗನ ತೋಳು ಹಿಡಿದರು. "ಬೊಬ್ಬೆ ಹೊಡೀಬೇಡ. ದೋಸೆಗೆ ಹೆಪ್ಪು ಉಳಿಸ್ತಿದ್ದಾರೆ."

ಐತಣ್ಣ ಕಟ್ಟೆಗೆ ಒರಗಿ ಉಸಿರಾಡಿದರು. ಯಾರ ಮುಖವನ್ನೂ ನೋಡಲಿಲ್ಲ. ಎರಡು ನಿಮಿಷ ಕಳೆಯಿತು. ಕೆಳಗಿನವರಿಗೆ ಅದು ಎರಡು ಗಂಟೆ. ಉಸಿರು ತಹಬಂದಿಗೆ ಬಂದ ಮೇಲೆ ಶೀನನ ಕಡೆಗೆ ತಿರುಗಿ, "ತೋಳು ಇಳಿಸು ಮಾರಾಯ, ಇಸ್ತ್ರಿ ಹಾಳಾಗ್ತದೆ" ಎಂದರು. ಗುಂಡನ್ನು ಮತ್ತೆ ಅಪ್ಪಿಕೊಂಡರು. ಹನ್ನೆರಡು. ಹದಿನೈದು. ಹದಿನೆಂಟು. ಹತ್ತೊಂಬತ್ತು!

ಓ ಎಂದು ಕೂಗು ಎದ್ದಿತು. ಆದರೆ ಐತಣ್ಣನ ಕೆಲಸ ಇನ್ನೂ ಬಾಕಿ ಇತ್ತು. ಗುಂಡನ್ನು ದೇವರ ಮುಂದೆ ಇಳಿಸಿದರು. ಕೈ ತೊಳೆದರು. ಕಾದ ಕಾವಲಿಗೆ ನೀರು ಚಿಮುಕಿಸಿದರು. ಸೌಟು ಹಿಡಿದರು. ಹಿಂದೆಯೇ ಹತ್ತಿ ಬಂದವರೆಲ್ಲರ ಕಣ್ಣು ಆ ಸೌಟಿನ ಮೇಲೆ.

ಸೌಟು ನಡುಗಲಿಲ್ಲ. ನಡುವಿನಿಂದ ಹೊರಟ ಹಿಟ್ಟು ಸುತ್ತು ಸುತ್ತಾಗಿ ಹರಡಿತು. ತೂತಿಲ್ಲ, ಬಾಲ ಇಲ್ಲ. ಕೈವಾರ ಇಟ್ಟು ಎಳೆದ ಹಾಗೆ ದುಂಡಗಿನ ದೋಸೆ. ಅದನ್ನು ಬಾಳೆಲೆಗೆ ಹಾಕಿ ದೇವರ ಮುಂದೆ ಇಟ್ಟಾಗ, ಇಷ್ಟು ವರ್ಷ ಎಲೆ ಹಿಡಿದು ಬದಿಯಲ್ಲಿ ನಿಂತಿದ್ದ ಮನುಷ್ಯನ ಕಣ್ಣು ತುಂಬಿ ಬಂತು.

ಮಧುಸೂದನ್ ಅವರ ಹೆಗಲಿಗೆ ಹೊಸ ಶಾಲು ಹೊದೆಸಿದರು. "ಇವತ್ತಿನಿಂದ ಈ ಅಡುಗೆಮನೆ ನಿನ್ನದು ಐತ."

"ನಡುವೆ ನಿಂತಾಗ ಕಥೆ ಮುಗೀತು ಅಂದುಕೊಂಡೆ ಐತಣ್ಣ," ಎಂದ ಶೀನ.

"ನಿಲ್ಲದಿದ್ದರೆ ಮುಗೀತಿತ್ತು," ಎಂದರು ಐತಣ್ಣ. "ಹತ್ತೊಂಬತ್ತೂ ಒಂದೇ ಉಸಿರಿಗೆ ಹತ್ತಬಹುದಿತ್ತೋ ಏನೋ. ಆಮೇಲೆ ದೇವರಿಗೆ ಶ್ರೀಲಂಕಾ ಕೊಡ್ಬೇಕಿತ್ತು."

ಆ ದಿನ ಅವರು ಮುನ್ನೂರಕ್ಕೂ ಹೆಚ್ಚು ದೋಸೆ ಎರೆದರು. ಮರುದಿನ ಬೆಳಗ್ಗೆ ಐದು ಗಂಟೆಗೆ ಎದ್ದು, ಮೆಟ್ಟಿಲನ್ನು ನೇರವಾಗಿಯೇ ಇಳಿದು, ಪೋರೂರಿನ ಬಸ್ಸು ಹಿಡಿದರು. ಬಾಗಿಲಲ್ಲಿ ನಿಂತು ನೋಡಿದ ಸುಕೇಶನಿಗೆ ಗುಂಡು ಹೊತ್ತದ್ದಕ್ಕಿಂತ ಇದೇ ದೊಡ್ಡದು ಅನ್ನಿಸಿತು. ಆ ಸಂಜೆ ಜಿಮ್ಮಿನಲ್ಲಿ ಅವನು ಎರಡು ಸಲ ಬಾಕಿ ಇರುವಾಗಲೇ ಭಾರ ಕೆಳಗಿಟ್ಟ. ಗುಣವತಿಯಕ್ಕ ನೆಲದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಫೋನು ಬಡಿಯಿತು. ಗೋಡೆ ಹಿಡಿಯದೆ ಎದ್ದು ಹೋಗಿ ಎತ್ತಿಕೊಂಡರು. ಎತ್ತಿಕೊಂಡ ಮೇಲೆಯೇ ಅವರಿಗೆ ಅದು ಗೊತ್ತಾದದ್ದು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಂದು ಗಟ್ಟಿ ಕುರ್ಚಿ ಇದೆ, ಒಂದು ಕೊಡ ಇದೆ. ಜಾರದ ಹಾಗೆ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಎಲ್ಲರ ಮೈಯೂ ಒಂದೇ ಅಲ್ಲ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು, ಈಚೆಗೆ ಜ್ವರ ಅಥವಾ ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕೇಳಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಆಗಬಹುದು ಅಂದ ಮೇಲೆ ವಾರಕ್ಕೆ ಎರಡು ಮೂರು ದಿನ ಸಾಕು. ಮೈಗೆ ಬಿಸಿ ಹತ್ತುವಷ್ಟು ಮಾಡಿ, ಬೀಳುವಷ್ಟು ಬೇಡ. ಇನ್ನೆರಡು ಮೂರು ಸಲ ಆಗುತ್ತಿತ್ತು ಅನ್ನುವಾಗ ನಿಲ್ಲಿಸಿ. ಸುಲಭ ಆದ ಹಾಗೆ ತೂಕವನ್ನು ಚೂರು ಚೂರು ಹೆಚ್ಚಿಸಿ. ಯಾರಾದರೂ "ಅಷ್ಟೇನಾ?" ಎಂದು ನಕ್ಕರೆ ನಗಲಿ. ಮೊಸರಿನ ಪಾತ್ರೆಯ ತಳದಲ್ಲಿ ಎರಡು ಚಮಚ ಬಿಡುವುದು ನಿಮಗೆ ಮೊದಲೇ ಗೊತ್ತಿದೆ. ಬಲದಲ್ಲೂ ಹಾಗೇ ಬಿಡಿ. ನಾಳೆ ಬೆಳಗ್ಗೆ ಪಾತ್ರೆ ಮತ್ತೆ ತುಂಬಿರುತ್ತದೆ.